ಕುದುರೆ ಆಟಕ್ಕೆ ಜಾಗವಿಲ್ಲ

"ಕುದುರಿ ಹತ್ತಿ ಸುಮ್ನ ತಿರಗೂದು ಒಂದು ಆಟಾನಾ? ಲೇ ಗೌರ್ಯಾ, ನಾಚಿಕಿ ಆಗೂದಿಲ್ಲ ನಿನಗ? ಮೂವತ್ತೆಂಟು ವರ್ಷದ ಕತ್ತಿ ಆಗೀದಿ!"

"ಆಟ ಆಡಾಂವ ನಾನೋ ನೀನೋ? ಮೊದಲ ಅದನ್ನ ಹೇಳಣ್ಣ!"

"ತಂದಾಂವ ನಾನು!"

"ತಂದೀದಿ, ಖರೆ. ಅದಕ್ಕೇನೀಗ? ನೀನ ಕುಂತು ಆಡಿ, ನಾ ಹಿಂದ ನಿಂತು ಚಪ್ಪಾಳಿ ಬಡೀಲೇನು?"

"ಸಾವಕಾರ್ರ, ಯಾವುದರ ಒಂದು ಹೇಳ್ರಿ. ನಾ ತಿರುಗಿ ಮುಧೋಳ ಮುಟ್ಟಬೇಕು," ಎಂದು ಇಬ್ಬರ ನಡುವೆ ಕುರ್ಚಿಯಲ್ಲಿ ಸಿಕ್ಕಿಬಿದ್ದಿದ್ದ ದುರಗೇಶ ಗೋಗರೆದ. ಅವನು ಮುಧೋಳದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟವನು. ಬೆಳಗ್ಗೆ ಹೊಸ ಕಂಪ್ಯೂಟರನ್ನು ಕಾರಿನ ಹಿಂದಿನ ಸೀಟಿನಲ್ಲಿ ಕೂಸಿನ ಹಾಗೆ ಮಲಗಿಸಿಕೊಂಡು ಬಂದಿದ್ದ.

ಮೂವರೂ ಒದರುತ್ತಿದ್ದರು. ಬನಹಟ್ಟಿಯಲ್ಲಿ ಒದರುವುದು ಹೊಸದಲ್ಲ. ಕೆಳಗೆ ಮಗ್ಗಗಳು ಓಡುತ್ತಿದ್ದರೆ ಮೇಲಿನ ಮನೆಯಲ್ಲಿ ಪಲ್ಯಕ್ಕೆ ಉಪ್ಪು ಸಾಲದು ಎಂಬುದನ್ನೂ ಒದರಿಯೇ ಹೇಳಬೇಕು. ಅಲ್ಲಿ ಹುಟ್ಟಿದ ಕೂಸು ಮಗ್ಗದ ಸಪ್ಪಳ ಮೀರಿಸಿ ಅತ್ತರೇ ಅದಕ್ಕೆ ಹಾಲು. ಆ ಊರಿನ ಇಬ್ಬರು ಬಸ್ಸಿನಲ್ಲಿ ಕೂತು ಮಳೆ ಬೆಳೆಯ ಮಾತಾಡಿದರೆ ಪರವೂರಿನ ಕಂಡಕ್ಟರು ಜಗಳ ಬಿಡಿಸಲು ಓಡಿಬರುತ್ತಾನೆ. ಹಾಗಾಗಿ ಒದರಿದ್ದೆಲ್ಲ ಜಗಳವೇನಲ್ಲ. ಇದು ಮಾತ್ರ ಜಗಳವೇ.

ಅಣ್ಣ ಬಸಗೊಂಡಪ್ಪನಿಗೆ ಸಿಟ್ಟು ಬಂದರೆ ಎಡಗಿವಿ ಕೆಂಪಾಗುತ್ತದೆ. ಈಗ ಎರಡೂ ಕೆಂಪಾಗಿದ್ದವು. ತಾನು ಮಾಡಿದ ಒಳ್ಳೆಯ ಕೆಲಸವೊಂದು ತನ್ನ ಕಣ್ಣ ಮುಂದೆಯೇ ಹದಗೆಡುತ್ತಿದೆ ಎಂಬುದು ಅವನಿಗೆ ಕಾಣುತ್ತಿತ್ತು, ಯಾಕೆ ಹದಗೆಡುತ್ತಿದೆ ಎಂಬುದು ಮಾತ್ರ ತಿಳಿಯುತ್ತಿರಲಿಲ್ಲ.

ಈ ಕಂಪ್ಯೂಟರ್ ಬಂದದ್ದಾದರೂ ಯಾತಕ್ಕೆ? ತಮ್ಮ ಗೌರೀಶ ಮನೆಯಲ್ಲೇ ನಿಲ್ಲಲಿ ಎಂದು. ಗೌರೀಶನ ಹೆಂಡತಿ ಮಧುಮತಿ ಮುಧೋಳದವಳು. ಅಣ್ಣನ ಮಗನ ತೊಟ್ಟಿಲಿಗೆಂದು ತವರಿಗೆ ಹೋದವಳು ತೊಟ್ಟಿಲು ಮುಗಿದರೂ ತಿರುಗಿ ಬಂದಿರಲಿಲ್ಲ. ಅವಳ ಅಣ್ಣನಿಗೆ ಅಲ್ಲಿ ದೊಡ್ಡ ಟೈರಿನ ಅಂಗಡಿ. "ಅಂಗಡಿಗೆ ಬಂದ್ಬಿಡ್ರಿ, ಎಷ್ಟು ದಿವಸ ಅಣ್ಣನ ಕೈಕೆಳಗ ಇರತೀರಿ?" ಎಂದು ತವರಿನವರು ಗೌರೀಶನ ಕಿವಿಯಲ್ಲಿ ಊದುತ್ತಿದ್ದಾರೆ ಎಂಬ ಸುದ್ದಿ ಓಣಿಯಲ್ಲೆಲ್ಲ ಓಡಾಡಿ ಕಡೆಗೆ ಬಸಗೊಂಡಪ್ಪನ ಕಿವಿಗೂ ಬಿದ್ದಿತ್ತು. ಗೌರೀಶ ವಾರಕ್ಕೆ ಮೂರು ಸಲ ಮುಧೋಳಕ್ಕೆ ಹೋಗುತ್ತಿದ್ದ. ಬಂದ ಮೇಲೆ ಮಾಳಿಗೆ ಹತ್ತಿ, ಫೋನಿನಲ್ಲಿ ಮೂಗು ತೂರಿಸಿ, ಏನಾದರೊಂದು ಆಟ ಆಡುತ್ತ ಕೂಡುತ್ತಿದ್ದ. ಊಟಕ್ಕೆ ಕರೆದರೆ ಬರುತ್ತಿದ್ದ, ಮಾತಿಗೆ ಕರೆದರೆ ಇಲ್ಲ.

ಅಪ್ಪ ಸತ್ತಾಗ ಗೌರೀಶ ಇನ್ನೂ ಚಡ್ಡಿ ಏರಿಸಿಕೊಳ್ಳುವ ಹುಡುಗ. ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ಬೆಳೆಸಿದವನು ಬಸಗೊಂಡಪ್ಪ. "ನೀ ಹೋದರ ನನಗ ಮನಿ ಬಿಕೋ ಅಂತೈತಿ ತಮ್ಮಾ" ಅನ್ನುವ ಒಂದು ಮಾತು ಸಾಕಿತ್ತು. ಆದರೆ ಅಂಥ ಮಾತು ಅವನ ಬಾಯಿಗೆ ಬರುವಂಥದ್ದಲ್ಲ. ಚಿಕ್ಕಂದಿನಲ್ಲಿ ತಮ್ಮ ಅತ್ತರೆ ಸಮಾಧಾನ ಹೇಳದೆ ಪೇಟೆಗೆ ಹೋಗಿ ಏನಾದರೂ ಕೊಂಡು ತರುತ್ತಿದ್ದ. ಈಗಲೂ ಹಾಗೆಯೇ ಮಾಡಿದ. ದುರಗೇಶನ ಅಂಗಡಿಗೆ ಹೋಗಿ, "ಆಟ ಆಡೂ ಕಂಪ್ಯೂಟರ್ ಅಂತ ಬರತಾವಲ್ಲ, ಅದರಾಗ ಛಲೋದು ಯಾವದದ? ಒಂದು ಸಲ ಕುಂತರ ಏಳಬಾರದು, ಅಂಥಾದ್ದು ಕೊಡು," ಎಂದು ಕೇಳಿದ್ದ.

ಬಂತು ಕಂಪ್ಯೂಟರ್. ಕರಿ ಪೆಟ್ಟಿಗೆ, ಒಂದು ಮಗ್ಗುಲಿಗೆ ಗಾಜು, ಒಳಗೆ ಕೆಂಪು, ನೀಲಿ, ಹಸಿರು ದೀಪ. ಬಸಗೊಂಡಪ್ಪನ ಹೆಂಡತಿ ರುಕ್ಮವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ನೋಡಿ, "ಅಯ್ಯ, ಇದಕ್ಕೊಂದು ಸೀರಿ ಉಡಿಸಿದ್ರ ಗೌರಿ ಕೂಡಿಸಿದಂಗ ಕಾಣತೈತಿ!" ಎಂದಿದ್ದಳು. ಗೌರೀಶ ಪೆಟ್ಟಿಗೆಯ ಸುತ್ತ ಎರಡು ಸಲ ಸುತ್ತಿ, ಗಾಜಿನ ಮೇಲೆ ಕೈಯಾಡಿಸಿ, ಬನಿಯನ್ನಿನ ತುದಿಯಿಂದ ಬೆರಳಿನ ಗುರುತು ಒರೆಸಿದ. ಆಮೇಲೆ ಮಧುಮತಿಗೆ ಫೋನ್ ಹಚ್ಚಿ, "ಏ, ಅಣ್ಣ ಏನ ತಂದಾನ ನೋಡಬಾ. ನಾಳೆನ ಬಂದ್ಬಿಡು," ಎಂದ. ಅದನ್ನು ಕೇಳಿ ಬಾಗಿಲ ಹಿಂದೆ ನಿಂತಿದ್ದ ಬಸಗೊಂಡಪ್ಪನ ಎದೆ ಉಬ್ಬಿ ಕೊಡದಷ್ಟಾಯಿತು. ಕೆಲಸ ಆಯಿತು ಅಂದುಕೊಂಡ.

ಅಷ್ಟರಲ್ಲಿ ದುರಗೇಶ ಕೇಳಬಾರದ ಪ್ರಶ್ನೆ ಕೇಳಿದ. "ಯಾವ್ಯಾವ ಆಟ ಹಾಕ್ಲಿರಿ? ಇಲ್ಲಿನ ನೆಟ್ಟಿನಾಗ ಇಳಿಸಾಕ ಕುಂತ್ರ ಹುಣ್ಣಿವಿ ಬರತೈತಿ, ಅದಕ್ಕ ಎಲ್ಲಾ ಡಿಸ್ಕಿನಾಗ ತುಂಬಕೊಂಡ ಬಂದೇನಿ."

ಗೌರೀಶ ಬಾಯಿ ತೆರೆದ. ಉತ್ತರ ಬಂದದ್ದು ಬಸಗೊಂಡಪ್ಪನ ಬಾಯಿಂದ.

"ಟ್ರ್ಯಾಕ್ಟರಿಂದು ಹಾಕು!"

ಅಲ್ಲಿಂದ ಶುರುವಾದದ್ದು ಇದು.

ದುರಗೇಶ ಒಕ್ಕಲುತನದ ಆಟವನ್ನು ತೋರಿಸಿದ್ದ. ಪರದೆಯ ಮೇಲೆ ಮನೆಯಷ್ಟು ದೊಡ್ಡ ಟ್ರ್ಯಾಕ್ಟರೊಂದು ಕಣ್ಣು ಹರಿಯುವಷ್ಟು ದೂರದ ಎರೆಹೊಲದಲ್ಲಿ ಸಾಗಿತ್ತು. ಬಸಗೊಂಡಪ್ಪ ಕುರ್ಚಿ ಎಳೆದುಕೊಂಡು ಕೂತೇಬಿಟ್ಟಿದ್ದ.

"ಇದರಾಗ ಕಬ್ಬು ಬೆಳೀತೈತೇನು?"

"ಬೆಳೀತೈತ್ರಿ."

"ಕಡ್ಯಾಕ ಆಳಿನ ಗ್ಯಾಂಗ್ ಎಲ್ಲಿಂದ ತರ್ತಾರ?"

"ಗ್ಯಾಂಗ್ ಬೇಕಾಗಿಲ್ರಿ, ಮಶಿನ್ನ ಕಡೀತೈತಿ. ಫ್ಯಾಕ್ಟರಿಗೆ ಒಯ್ದು ಹಾಕಿದ್ರ ಆತು, ನಿಂತ ಕಾಲ ಮ್ಯಾಲ ಬಿಲ್ಲಿನ ರೊಕ್ಕ ಬರತೈತಿ."

"ನಿಂತ ಕಾಲ ಮ್ಯಾಲ?" ಬಸಗೊಂಡಪ್ಪ ತೊಡೆ ತಟ್ಟಿ ನಕ್ಕಿದ್ದ. "ಇದನ್ನ ಮಾಡಿದಾಂವ ಜನ್ಮದಾಗ ಕಬ್ಬು ಹಚ್ಚಿಲ್ಲ ಬಿಡು. ಆದ್ರೂ ಇರಲಿ, ಹಾಕು. ಬುದ್ಧಿ ಬರೂವಂಥಾ ಆಟ."

"ಅಣ್ಣಾ, ಹುನ್ನೂರ ಹೊಲದಾಗ ಖರೇ ಟ್ರ್ಯಾಕ್ಟರ್ ನಿಂತೈತಿ," ಎಂದಿದ್ದ ಗೌರೀಶ. "ದಿನಾ ನೀನ ಅಟ್ಟತಿ, ದಿನಾ ಹೋಗಿ ಹೊಡದು ಬರತೇನಿ. ಅಲ್ಲಿಂದ ಬಂದು ಕೈಕಾಲು ತೊಳಕೊಂಡು ಇಲ್ಲಿ ಮತ್ತ ಹೊಡೀಲಿ?"

"ಹಂಗಾರ ಕುಸ್ತಿ ಹಾಕು ದುರಗೇಶ. ಗಂಡಸರ ಆಟ."

ಕುಸ್ತಿಯೂ ಬಂತು. ಹಳದಿ ಕೂದಲಿನ ಜಟ್ಟಿಯೊಬ್ಬ ಪರದೆಯ ಮೇಲೆ ನೆಗೆದು ಬಂದು, ಕಬ್ಬಿಣದ ಕುರ್ಚಿ ಎತ್ತಿ ಎದುರಾಳಿಯ ಬೆನ್ನಿಗೆ ಬಾರಿಸಿದ. ಬಸಗೊಂಡಪ್ಪ ಎದ್ದು ನಿಂತ. "ಏ! ಏ! ಇದೇನೋ ಇದು? ಮಣ್ಣೆಲ್ಲಿ? ಪಂಚರೆಲ್ಲಿ ಹಾಳಾಗಿ ಹೋದ್ರು? ಕುರ್ಚೀಲೆ ಹೊಡ್ಯಾಕ ಇದೇನು ಪಂಚಾಯ್ತಿ ಮೀಟಿಂಗಾ?" ಅದು ಬೇಡವೆಂದರೂ ಆಗದು, ಬೇಕೆಂದರೂ ಆಗದು ಎಂದು ಗೊಣಗಿ, ಕಡೆಗೆ ಅದನ್ನೂ ಇರಲಿ ಅಂದ. ಕೇರಂ ಅಂದ. ಚದುರಂಗ ಅಂದ. ಕ್ರಿಕೆಟ್ಟಿಗೆ ಅರ್ಧ ಮನಸ್ಸಿನಿಂದ ಒಪ್ಪಿದ. ಬಂದೂಕಿನದು ಮನೆಯೊಳಗೆ ಬರಕೂಡದು ಅಂದ. ದುರಗೇಶ ಅಂದದ್ದಕ್ಕೆಲ್ಲ ತಲೆಯಾಡಿಸುತ್ತ ಒಂದೊಂದೇ ಆಟಕ್ಕೆ ಗುರುತು ಹಾಕುತ್ತ ಹೋದ. ರೊಕ್ಕ ಕೊಟ್ಟವನ ಮಾತೇ ಮಾತು ಎಂಬುದು ಅಂಗಡಿಯವರ ಧರ್ಮ.

ಗೌರೀಶ ಕೇಳಿದ್ದು ಒಂದೇ ಆಟ. ಅದರಲ್ಲಿ ಒಬ್ಬ ಮನುಷ್ಯ, ಒಂದು ಕುದುರೆ. ಗುಡ್ಡ, ಹೊಳೆ, ಅಡವಿ, ಹಿಮ. ಬೇಕಾದರೆ ಕೆಲಸ ಹಿಡಿಯಬಹುದು, ಬೇಡವಾದರೆ ಬೆಂಕಿ ಹಾಕಿಕೊಂಡು ಹೊಳೆಯ ದಂಡೆಗೆ ಕೂಡಬಹುದು. ಫೋನಿನಲ್ಲಿ ಬೇರೆಯವರು ಆಡುವುದನ್ನು ನೋಡಿ ನೋಡಿ ಅವನಿಗೆ ಆ ಕುದುರೆಯ ಮೇಲೆ ಮನಸ್ಸು ಕೂತಿತ್ತು. ಆದರೆ ಅದು ಭಾರಿ ಆಟ. "ಅರ್ಧ ಡಿಸ್ಕು ಅದೊಂದ ನುಂಗತೈತ್ರಿ," ಎಂದ ದುರಗೇಶ. "ಸಾವಕಾರ್ರು ಹೇಳಿದ್ದೆಲ್ಲಾ ಹಾಕಿದ್ರ ಕುದುರೀಗೆ ಜಾಗ ಇಲ್ಲ. ಕುದುರಿ ಹಾಕಿದ್ರ ಇವು ಅರ್ಧಾ ಹೊರಗ."

"ಕುದುರಿ ಹೊರಗ!" ಎಂದ ಬಸಗೊಂಡಪ್ಪ. ಆಗಲೇ ಬಂದದ್ದು ನಾಚಿಕೆಯ ಮಾತು, ಕತ್ತೆಯ ಮಾತು.

ರುಕ್ಮವ್ವ ಚಹಾ ತಂದಳು. ಇಬ್ಬರ ಮುಖ ನೋಡಿದವಳಿಗೆ ಕೇಳುವುದೇನೂ ಬೇಕಾಗಲಿಲ್ಲ. ಕಪ್ಪುಗಳನ್ನು ಟಪ್ಪೆಂದು ಇಟ್ಟು ಗಂಡನಿಗೆ ಒದರಿದಳು.

"ಆಟ ಅವಗೋ ನಿಮಗೋ? ಅವಗಂತ ತಂದ ಮ್ಯಾಲ ಅವಗ ಹೇಳಾಕ ಬಿಡ್ರಿ. ಯಾವ ಸಾಲಿ ಅಂತ ನೀವ ಹೇಳಿದ್ರಿ. ಸಾಲಿ ಬಿಡು, ಮಗ್ಗಕ್ಕ ಕೂಡು ಅಂತ ನೀವ ಹೇಳಿದ್ರಿ. ಹೆಣ್ಣು ಯಾವದು ಅಂತನೂ ನೀವ ಹೇಳಿದ್ರಿ."

"ಯಾಕ, ಹೆಣ್ಣು ಛಲೋ ಬರ್ಲಿಲ್ಲೇನು?"

"ಛಲೋನ ಬಂದಾಳ. ಅದಕ್ಕ ತವರಮನ್ಯಾಗ ಕುಂತಾಳ!"

ಗೌರೀಶ ತುಟಿ ಕಚ್ಚಿ ನಗು ತಡೆದುಕೊಂಡ. ದುರಗೇಶ ಚಹಾದ ಕಪ್ಪಿನಲ್ಲಿ ಮುಖ ಅಡಗಿಸಿದ. ಬಸಗೊಂಡಪ್ಪನಿಗೆ ಅದೂ ತಡೆಯಲಿಲ್ಲ.

"ನೀ ಒಳಗ ನಡಿ. ಲೇ ಗೌರ್ಯಾ, ಹೇಳು ನನಗ. ಕುದುರಿ ಹತ್ತಿ ಎಲ್ಲಿಗೆ ಹೋಗತಿ?"

"ಎಲ್ಲಿಗೂ ಇಲ್ಲ."

"ಯಾರನ್ನ ಕಾಣಾಕ?"

"ಯಾರನ್ನೂ ಇಲ್ಲ."

"ಮತ್ತ್ಯಾಕ ಹೋಗತಿ?"

"ಅಲ್ಲಿ ಯಾರೂ 'ಯಾಕ ಹೋಗತಿ' ಅಂತ ಕೇಳಂಗಿಲ್ಲಲ್ಲ, ಅದಕ್ಕ!"

ಬಸಗೊಂಡಪ್ಪನ ಧ್ವನಿ ಇನ್ನೂ ಏರಿತು. "ಕೇಳತೇನಿ! ನಾ ಕೇಳದ ಮತ್ತ್ಯಾರು ಕೇಳತಾರ? ನಿನ್ನ ಹೇಣ್ತಿ ಅಣ್ಣ, ಆ ಟೈರಿನ ಅಂಗಡ್ಯಾಂವ ಕೇಳತಾನೇನು?"

ಟೈರಿನ ಅಂಗಡಿಯ ಹೆಸರು ಆ ಮನೆಯಲ್ಲಿ ಬಾಯಿಬಿಟ್ಟು ಬಂದದ್ದು ಅದೇ ಮೊದಲು. ಗೌರೀಶನ ಮುಖ ಬಿಗಿಯಿತು. ದುರಗೇಶನಿಗೆ ಇದು ಎಲ್ಲಿಗೋ ಹೊರಟಿದೆ ಎಂದು ವಾಸನೆ ಬಡಿಯಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಅವನು ತನಗೆ ತಿಳಿದ ಉಪಾಯ ತೆಗೆದ. ಕೆಳಗೆ ಮಗ್ಗಗಳು ಹುಚ್ಚೆದ್ದು ಬಡಿಯುತ್ತಿದ್ದವು. ಕೊರಳ ನರ ಉಬ್ಬಿಸಿ ಅವನೂ ಒದರಿದ.

"ಜಗಳ ಯಾಕ್ರಿ? ಪಾರ್ಟಿಷನ್ ಮಾಡಿಬಿಡ್ತೇನಿ! ಒಂದು ಪಾಲು ಅಣ್ಣಾರಿಗೆ, ಒಂದು ಪಾಲು ತಮ್ಮಾರಿಗೆ! ಅವರವರ ಪಾಲಿನಾಗ ಅವರವರಿಗೆ ಬೇಕಾದ್ದು!"

"ಕುದುರೀಗೆ ಜಾಗ ಸಾಲತೈತೇನು?" ಎಂದು ಗೌರೀಶ ಒದರಿದ.

"ಸಾಲಸ್ತೇನ್ರಿ!"

ಗೌರೀಶ ಎದೆ ತುಂಬ ಗಾಳಿ ಎಳೆದುಕೊಂಡ. ಇಷ್ಟು ಹೊತ್ತು ತಡೆದುಕೊಂಡದ್ದೆಲ್ಲ ಆ ಗಾಳಿಯೊಂದಿಗೆ ಹೊರಬಂತು. ಸರಿಯಾಗಿ ಅದೇ ಗಳಿಗೆಗೆ ಕರೆಂಟು ಹೋಯಿತು.

ಕರೆಂಟು ಹೋದಾಗ ಬನಹಟ್ಟಿ ಹೇಗಿರುತ್ತದೆ ಎಂಬುದನ್ನು ಅಲ್ಲಿದ್ದವರೇ ಬಲ್ಲರು. ಇಡೀ ಓಣಿಯ ಮಗ್ಗಗಳು ಒಮ್ಮೆಲೇ ಉಸಿರು ಕಟ್ಟುತ್ತವೆ. ಕಿವಿಯಲ್ಲಿ ಹತ್ತಿ ತುರುಕಿದಂತಾಗುತ್ತದೆ. ದೂರದ ಗೋಡೆಯ ಮೇಲಿನ ಗುಬ್ಬಿಯ ಚಿಲಿಪಿಲಿಯೂ ಕೇಳುತ್ತದೆ. ಒದರುತ್ತಿದ್ದವರ ಬಾಯಿ ಮಾತ್ರ ಅಷ್ಟು ಬೇಗ ಇಳಿಯುವುದಿಲ್ಲ. ಆ ನಿಶ್ಶಬ್ದದ ನಟ್ಟನಡುವೆ ಗೌರೀಶನ ಧ್ವನಿ ಗುಡುಗಿತು.

"ಮಾಡಿಬಿಡು ಪಾರ್ಟಿಷನ್! ನಂದು ನನಗ ಬ್ಯಾರೆ ಇರಲಿ! ಸಾಕಾಗೈತಿ ನನಗ!"

ಇನ್ವರ್ಟರ್ ಮೇಲೆ ಕಂಪ್ಯೂಟರ್ ಮಾತ್ರ ಕೆಂಪಾಗಿ, ನೀಲಿಯಾಗಿ, ಹಸಿರಾಗಿ ಉರಿಯುತ್ತಲೇ ಇತ್ತು. ಕೆಳಗೆ ಮಗ್ಗದ ಮುಂದೆ ನಿಂತಿದ್ದ ಆಳುಗಳು ಮೇಲೆ ನೋಡಿದರು. ಎದುರಿನ ಮನೆಯ ಕಿಟಕಿ ಕಿರ್ರೆಂದು ತೆರೆಯಿತು. ಯಾರೋ ಹೆಂಗಸು "ಅಯ್ಯ ಶಿವನ, ಬಸಗೊಂಡಪ್ಪನ ಮನ್ಯಾಗ ವಾಟ್ನಿ ಅಂತ!" ಎಂದದ್ದು ಸ್ಪಷ್ಟವಾಗಿ ಕೇಳಿತು. ಅಣ್ಣ ತಮ್ಮಂದಿರು ಆಸ್ತಿ ಹಂಚಿಕೊಂಡು ಒಲೆ ಬೇರೆ ಮಾಡುವುದಕ್ಕೆ ಅಲ್ಲಿ ವಾಟ್ನಿ ಅನ್ನುತ್ತಾರೆ. ಕೋರ್ಟಿನ ಮೆಟ್ಟಿಲು ಹತ್ತಿದವರು ಪಾರ್ಟಿಷನ್ ಅನ್ನುತ್ತಾರೆ. ಆ ಓಣಿಯಲ್ಲಿ ಕಂಪ್ಯೂಟರಿಗೂ ಪಾರ್ಟಿಷನ್ ಉಂಟು ಎಂದು ಬಲ್ಲವನು ದುರಗೇಶ ಒಬ್ಬನೇ, ಅವನೂ ಪರವೂರಿನವನು.

ಚಹಾದ ಕಪ್ಪು ಆರುವುದರೊಳಗೆ ಅಣ್ಣಾಸಾಹೇಬ ಮೆಟ್ಟಿಲು ಹತ್ತಿ ಬಂದ. ಎದುರು ಮನೆಯ ನೂಲಿನ ವ್ಯಾಪಾರಿ. ಊರಲ್ಲಿ ಯಾರ ಮನೆಯ ವಾಟ್ನಿಯಾದರೂ ನಡುವೆ ಕೂಡುವ ಹಿರಿಯ ಅವನೇ. ಅದಕ್ಕೆಂದೇ ಇಟ್ಟುಕೊಂಡ ಗಂಭೀರ ಮುಖವನ್ನು ಹಾಕಿಕೊಂಡೇ ಬಂದಿದ್ದ.

"ಬಸಗೊಂಡಪ್ಪಾ, ಇದು ಒದರಿ ಮಾಡೂ ಕೆಲಸ ಅಲ್ಲಪ್ಪಾ. ಕುಂತು ಮಾತಾಡೂಣು. ಮಗ್ಗದ ಶೆಡ್ ಯಾರಿಗೆ, ಹುನ್ನೂರ ಹೊಲ ಯಾರಿಗೆ, ಎಲ್ಲಾ ಸಮಾಧಾನದಿಂದ..."

"ಸಾಹೇಬ್ರ, ಅದು ಹಂಗಲ್ರಿ," ದುರಗೇಶ ಎದ್ದು ನಿಂತ. "ಸಿ ಡ್ರೈವ್ ಒಂದು ಪಾಲು, ಡಿ ಡ್ರೈವ್ ಒಂದು ಪಾಲು..."

"ತಮ್ಮಾ, ನೀ ವಕೀಲರ ಕಡಿಯಾಂವ ಏನು? ಈಗ ಸುಮ್ನ ಕೂಡು. ಮನಿ ಮಂದಿ ಮಾತಾಡ್ಲಿ."

ರುಕ್ಮವ್ವ ಬಾಗಿಲಲ್ಲಿ ನಿಂತು ನಗಬೇಕೋ ಅಳಬೇಕೋ ತಿಳಿಯದೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಗೌರೀಶ ಮಾತ್ರ ನಕ್ಕೇಬಿಟ್ಟ. ಬಸಗೊಂಡಪ್ಪನೂ ನಕ್ಕಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಓಣಿ ಎರಡು ದಿನ ಆಡಿಕೊಂಡು ಮೂರನೆಯ ದಿನ ಮರೆಯುತ್ತಿತ್ತು. ಆದರೆ ತನ್ನ ಮನೆಯ ಹೊಸ್ತಿಲ ಮೇಲೆ ವಾಟ್ನಿಯ ಪಂಚ ಬಂದು ನಿಂತದ್ದೇ ಅವನಿಗೆ ಕೆನ್ನೆಗೆ ಹೊಡೆದಂತಾಗಿತ್ತು. ತಮ್ಮನ ನಗು ಉರಿಯುವ ಬೆಂಕಿಗೆ ತುಪ್ಪ ಸುರಿಯಿತು.

"ನಗತಿ? ಊರು ಕೇಳೈತಿ! ಹೋಗು, ಮಾಳಿಗಿ ಮ್ಯಾಲ ನಿಂತು ಹೇಳು. ವಾಟ್ನಿ ಅಲ್ಲ, ಕಂಪ್ಯೂಟರಿಂದು ಅಂತ ಒದರಿ ಹೇಳು ಎಲ್ಲಾರಿಗೂ!"

"ಅಣ್ಣಾಸಾಹೇಬ್ ಕಾಕಾಗ ಹೇಳಿದ್ರ ಸಾಕಲ್ಲ. ಊರಿಗೆ ಅವರ ಹೇಳತಾರ."

"ನೀ ಹೇಳು! ಒದರಿದಾಂವ ನೀನು!"

"ಏನ ಒದರಬೇಕು ಅಂತನೂ ನೀನ ಹೇಳಾಂವ ಏನಣ್ಣ?"

"ಹೂಂ, ನಾನ ಹೇಳಾಂವ! ಹೇಳತೀಯೋ ಇಲ್ಲೋ? ಮನಿ ಒಡ್ಯಾಕ ನಿಂತಾಂವಂಗ ಒದರತಿ!"

ಗೌರೀಶನ ನಗು ನಿಂತಿತು. ಪರದೆಯ ಕಡೆ ಒಮ್ಮೆ ನೋಡಿದ. ಅಣ್ಣ ಹೇಳಿದ ಆಟಗಳ ಮುಂದೆಲ್ಲ ಸಾಲಾಗಿ ಗುರುತು ಬಿದ್ದಿತ್ತು. ಅವನು ಮಾತಾಡಿದಾಗ ಧ್ವನಿ ಎಷ್ಟು ಸಣ್ಣದಾಗಿತ್ತೆಂದರೆ, ಮಗ್ಗ ನಿಂತಿದ್ದಕ್ಕೇ ಕೇಳಿತು.

"ಕಂಪ್ಯೂಟರಿಂದನ ಅಂದಿದ್ದೆ ಅಣ್ಣಾ, ದೇವರಾಣಿ. ಮನಿ ವಿಚಾರ ತಲ್ಯಾಗಿರಲಿಲ್ಲ. ಆದ್ರ ಒದರಿದ ಮ್ಯಾಲ ನನ್ನ ಮಾತು ನನಗೂ ಕೇಳಿಸ್ತು. ಕೇಳಾಕ ಕೆಟ್ಟ ಅನಿಸ್ಲಿಲ್ಲ."

ಬಸಗೊಂಡಪ್ಪನ ಕಿವಿಯ ಕೆಂಪು ಇಳಿದು ಬೆಳ್ಳಗಾಯಿತು. 'ಹಾಕೋ ದುರಗೇಶ ಕುದುರಿ, ಉಳಿದದ್ದೆಲ್ಲಾ ಬೆಂಕಿ ಬೀಳ್ಲಿ' ಎಂಬ ಮಾತು ಅವನ ನಾಲಿಗೆಯ ತುದಿಗೆ ಬಂದಿತ್ತು. ಖರೆಯೇ ಬಂದಿತ್ತು. ಆದರೆ ಹೊಸ್ತಿಲಲ್ಲಿ ಅಣ್ಣಾಸಾಹೇಬ ನಿಂತಿದ್ದ, ಕಿಟಕಿಯಲ್ಲಿ ಹೆಂಗಸರಿದ್ದರು, ಕೆಳಗೆ ಆಳುಗಳಿದ್ದರು. ಅಷ್ಟು ಮಂದಿಯ ಮುಂದೆ ತಮ್ಮನಿಗೆ ಸೋಲುವುದು ಹೇಗೆ? ನಾಲಿಗೆ ಬೇರೆ ದಾರಿ ಹಿಡಿಯಿತು.

"ಹಂಗಾರ ಹೋಗು! ಹತ್ತು ನಿನ್ನ ಕುದುರಿ, ಹೋಗು! ಯಾಕ ಹೋಗತಿ ಅಂತ ಯಾರೂ ಕೇಳಂಗಿಲ್ಲ!"

"ರೀ!" ಎಂದಳು ರುಕ್ಮವ್ವ.

ಗೌರೀಶ ಗೂಟಕ್ಕೆ ಹಾಕಿದ್ದ ಅಂಗಿ ತೆಗೆದು ಬನಿಯನ್ ಮೇಲೆ ಹಾಕಿಕೊಂಡ. ಗುಂಡಿ ಹಾಕುತ್ತಲೇ ಅಣ್ಣಾಸಾಹೇಬನ ಪಕ್ಕದಿಂದ ಹಾಯ್ದು ಮೆಟ್ಟಿಲು ಇಳಿದ. ರುಕ್ಮವ್ವ "ಗೌರೀಶಾ, ರೊಟ್ಟಿ ಬಡದೇನಿ, ಉಂಡು ಹೋಗಪಾ," ಎಂದು ಬೆನ್ನ ಹಿಂದೆಯೇ ಇಳಿದಳು. "ಬಿಸಿ ಇದ್ದಾಗ ನೀವ ಉಣ್ರಿ ವೈನಿ," ಎಂದದ್ದು ಮೇಲಕ್ಕೆ ಕೇಳಿತು. ಗಾಡಿ ಶುರುವಾಯಿತು. ನಿಶ್ಶಬ್ದವಾಗಿದ್ದ ಓಣಿಯಲ್ಲಿ ಅದರ ಸಪ್ಪಳ ಯಾವ ತಿರುವಿನಲ್ಲಿ ಹೊರಳಿತು, ಎಲ್ಲಿ ದೊಡ್ಡ ರಸ್ತೆ ಹತ್ತಿತು ಎಂಬುದೆಲ್ಲ ಕಣ್ಣಿಗೆ ಕಟ್ಟಿದಂತೆ ಕೇಳುತ್ತ ಹೋಯಿತು. ಹುನ್ನೂರಿನ ಕಡೆಗಲ್ಲ, ಮುಧೋಳದ ಕಡೆಗೆ.

"ಬರ್ತಾನ ತಗೋ, ಸಿಟ್ಟು ಇಳಿದ ಮ್ಯಾಲ," ಎಂದ ಅಣ್ಣಾಸಾಹೇಬ. ಹಾಗೆ ಅಂದರೂ, ಶೆಡ್ಡನ್ನು ಕಣ್ಣಿನಿಂದಲೇ ಅಳೆಯುತ್ತ ಇಳಿದುಹೋದ.

ಕರೆಂಟು ಬಂತು. ಮಗ್ಗಗಳು ಮತ್ತೆ ಬಡಿಯತೊಡಗಿದವು. ದುರಗೇಶ ಪಾಪ, ಮತ್ತೆ ಒದರಬೇಕಾಯಿತು.

"ಸಾವಕಾರ್ರ! ಯಾವ ಆಟ ಹಾಕ್ಲಿ?"

ಬಸಗೊಂಡಪ್ಪ ಕಿಟಕಿಯಿಂದ ತಿರುಗಲಿಲ್ಲ. "ಕುದುರಿದು!"

"ಮತ್ತ ಟ್ರ್ಯಾಕ್ಟರು? ಕುಸ್ತಿ?"

"ಕುದುರಿದೊಂದ ಹಾಕು ಅಂದ್ನೆಲ್ಲ! ಕಿವಿ ಕೇಳಂಗಿಲ್ಲೇನು ನಿನಗ? ಅದಕ್ಕ ಎಷ್ಟು ಜಾಗ ಬೇಕು ಅಷ್ಟೂ ಕೊಡು!"

ದುರಗೇಶ ಹಾಕಿದ. ಹಾಕಿ, ಹೇಗೆ ಶುರು ಮಾಡುವುದೆಂದು ತೋರಿಸಿ, ಹೇಳದೆ ಕೇಳದೆ ಹೋದ. ಪರದೆಯ ಮೇಲೆ ಕುದುರೆಯೊಂದು ಹಿಮದಲ್ಲಿ ನಿಂತು ಬಾಲ ಅಲ್ಲಾಡಿಸುತ್ತಿತ್ತು. ಹತ್ತುವವರು ಯಾರೂ ಇರಲಿಲ್ಲ.

"ಫೋನ್ ಹಚ್ಚರಿ ಅವಗ," ಎಂದಳು ರುಕ್ಮವ್ವ ಉಣ್ಣಲು ಕೂತಾಗ.

"ನೀ ಹಚ್ಚು. ಕುದುರಿ ಹಾಕಿಸ್ಯಾನ ಅಂತ ಹೇಳು."

"ನಿಮಗ ಬಾಯಿಲ್ಲೇನು? ಓಣಿಗೆಲ್ಲಾ ಕೇಳೂವಂಥಾ ಬಾಯಿ ಐತಲ್ಲ!"

ಬಸಗೊಂಡಪ್ಪ ರೊಟ್ಟಿ ಮುರಿದ. ಬಾಯಿಗೆ ಇಡಲಿಲ್ಲ. ಅವನು ಹಚ್ಚುವುದಿಲ್ಲ ಎಂದು ಖಾತ್ರಿಯಾದ ಮೇಲೆ ರುಕ್ಮವ್ವನೇ ಎದ್ದು ಒಳಗೆ ಹೋಗಿ ಮೈದುನನ ಜೊತೆ ಮಾತಾಡಿದಳು. ಹೊರಗೆ ಬಂದಾಗ ಫೋನು ಕೈಯಲ್ಲೇ ಇತ್ತು.

"ಏನಂದ?"

"ಅಣ್ಣಾನ ಆಡ್ಲಿ ಬಿಡ್ರಿ ವೈನಿ, ಅಂದ."

ಮರುದಿನ ಮಧುಮತಿ ಬರಲಿಲ್ಲ. ಅವಳ ಅಣ್ಣನ ಅಂಗಡಿಯ ಗಾಡಿ ಬಂದು ಗಂಡ ಹೆಂಡತಿಯ ಟ್ರಂಕನ್ನೂ ಬಟ್ಟೆಯ ಗಂಟನ್ನೂ ಒಯ್ದಿತು. ಕಂಪ್ಯೂಟರ್ ಒಯ್ಯುವುದೇನು ಎಂದು ಡ್ರೈವರ್ ಕೇಳಲಿಲ್ಲ, ಅವನಿಗೆ ಯಾರೂ ಹೇಳಿ ಕಳಿಸಿರಲಿಲ್ಲ. ಗೌರೀಶ ತಿರುಗಿ ಬರಲಿಲ್ಲ.